ಮಗು ಆಟಗಾರ, ಕಾಲೇಜು ಚಿಕ್ಕದು: ಅಮೆರಿಕದ ಕನ್ನಡ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಹೈಸ್ಕೂಲು ಓದುತ್ತಾ, ಒಂದು ಆಟವನ್ನು ಗಟ್ಟಿಯಾಗಿ ಹಿಡಿದಿರುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಈ ಪುಟ. ಶನಿವಾರ ಟಿವಿಯಲ್ಲಿ ಕಾಣುವ ದೊಡ್ಡ ಯೂನಿವರ್ಸಿಟಿಗಳ ವಿಷಯ ಇಲ್ಲಿಲ್ಲ. ನಮ್ಮ ಮಕ್ಕಳಲ್ಲಿ ಬಹುಪಾಲು ಆಡುವುದು ಚಿಕ್ಕ ಕಾಲೇಜುಗಳಲ್ಲಿ. ಅಲ್ಲಿಯ ನಿಯಮವೇ ಬೇರೆ, ದುಡ್ಡಿನ ಲೆಕ್ಕವೇ ಬೇರೆ.

ಚಿಕ್ಕ ಕಾಲೇಜು ಅಂದರೆ ಯಾವುವು?

ಕಾಲೇಜು ಕ್ರೀಡೆಯ ದೊಡ್ಡ ಸಂಸ್ಥೆ ಎನ್‌ಸಿಎಎ. ಅದರಲ್ಲಿ ಮೂರು ಡಿವಿಷನ್. ಟಿವಿಯಲ್ಲಿ ಬರುವುದು ಡಿವಿಷನ್ 1. ಡಿವಿಷನ್ 2ರಲ್ಲಿ ಸುಮಾರು 300 ಕಾಲೇಜುಗಳಿವೆ, ಡಿವಿಷನ್ 3ರಲ್ಲಿ 400ಕ್ಕೂ ಜಾಸ್ತಿ. ಇವುಗಳ ಹೊರಗೆ ಎನ್‌ಎಐಎ ಅನ್ನುವ ಇನ್ನೊಂದು ಸಂಸ್ಥೆ ಇದೆ. ಅದರಲ್ಲಿ ಇರುವವು ಹೆಚ್ಚಾಗಿ ಸಣ್ಣ ಖಾಸಗಿ ಕಾಲೇಜುಗಳು. ಎರಡು ವರ್ಷದ ಕಮ್ಯುನಿಟಿ ಕಾಲೇಜುಗಳಿಗೆ ಎನ್‌ಜೆಸಿಎಎ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಿಗೆ ಅವರದ್ದೇ ಬೇರೆ ಸಂಘ.

ಡಿವಿಷನ್ 3 ಅಂದ ಕೂಡಲೇ ಮೂರನೇ ದರ್ಜೆ ಅಂದುಕೊಳ್ಳುವವರು ಬಹಳ. ಎಂಐಟಿ, ಕ್ಯಾಲ್‌ಟೆಕ್, ಶಿಕಾಗೊ ಯೂನಿವರ್ಸಿಟಿ, ಎಮರಿ, ಕಾರ್ನೆಗಿ ಮೆಲನ್, ವಿಲಿಯಮ್ಸ್, ಆಮ್‌ಹರ್ಸ್ಟ್ ಎಲ್ಲ ಇದರಲ್ಲೇ ಇವೆ. ಸರ್ಕಾರಿ ಕಾಲೇಜುಗಳೂ ಇವೆ: ಕ್ಯಾಲಿಫೋರ್ನಿಯಾದಲ್ಲಿ ಯುಸಿ ಸಾಂಟಾ ಕ್ರೂಜ್, ನ್ಯೂಜೆರ್ಸಿಯಲ್ಲಿ ದಿ ಕಾಲೇಜ್ ಆಫ್ ನ್ಯೂಜೆರ್ಸಿ, ನ್ಯೂಯಾರ್ಕಿನಲ್ಲಿ ಸುನಿ ಜೆನಸಿಯೊ. ಅದೇ ರಾಜ್ಯದವರಾದರೆ ಇವು ಖಾಸಗಿಯವುಗಳಿಗಿಂತ ಎಷ್ಟೋ ಅಗ್ಗ.

ನಮ್ಮ ಸಿಇಟಿಯ ಕ್ರೀಡಾ ಕೋಟಾ ತರಹವಾ?

ಅಲ್ಲ. ಅಲ್ಲಿ ಸರ್ಟಿಫಿಕೇಟ್ ತೋರಿಸಬೇಕು, ಪಟ್ಟಿಯಲ್ಲಿ ಹೆಸರು ಬರಬೇಕು. ಇಲ್ಲಿ ಯಾವ ಸರ್ಟಿಫಿಕೇಟೂ ಲೆಕ್ಕಕ್ಕಿಲ್ಲ. ಒಬ್ಬ ಕೋಚ್‌ಗೆ ನಿಮ್ಮ ಮಗು ಬೇಕು ಅನ್ನಿಸಬೇಕು, ಆ ಕೋಚ್ ಅಡ್ಮಿಷನ್ ಆಫೀಸಿಗೆ ಹೋಗಿ ಹೇಳಬೇಕು. ಬೇಕು ಅನ್ನಿಸಲು ಮೊದಲು ಅವರಿಗೆ ನಿಮ್ಮ ಮಗುವಿನ ಪರಿಚಯ ಆಗಬೇಕಲ್ಲ? ದೊಡ್ಡ ಕಾಲೇಜಿನವರು ಹುಡುಕಿಕೊಂಡು ಬರಬಹುದು. ಚಿಕ್ಕ ಕಾಲೇಜಿನ ಕೋಚ್‌ಗೆ ಅಷ್ಟು ಬಜೆಟ್ ಇರುವುದಿಲ್ಲ. ಹಾಗಾಗಿ ಮೊದಲ ಇಮೇಲ್ ನಿಮ್ಮ ಕಡೆಯಿಂದಲೇ ಹೋಗಬೇಕು.

ಸ್ಕಾಲರ್‌ಶಿಪ್ ಎಷ್ಟು ಸಿಗುತ್ತದೆ?

ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಸೊನ್ನೆ. ಇದು ನಿಯಮ, ವಿನಾಯಿತಿ ಇಲ್ಲ. "ನಮ್ಮ ಪರಿಚಯದವರ ಮಗನಿಗೆ ಅಲ್ಲಿ ಟೆನಿಸ್ ಸ್ಕಾಲರ್‌ಶಿಪ್ ಸಿಕ್ಕಿತು" ಅಂತ ಯಾರಾದರೂ ಪಾರ್ಟಿಯಲ್ಲಿ ಹೇಳಿದರೆ, ಸಿಕ್ಕಿದ್ದು ಓದಿಗೆ ಕೊಟ್ಟ ಹಣ, ಇಲ್ಲವೇ ಆದಾಯ ನೋಡಿ ಕೊಟ್ಟ ಹಣ. ಕೇಳುವುದಕ್ಕೆ ಟೆನಿಸ್ ಸ್ಕಾಲರ್‌ಶಿಪ್ ಅನ್ನುವುದು ಚೆನ್ನಾಗಿರುತ್ತದೆ, ಅಷ್ಟೇ. ಐವಿ ಲೀಗ್ ಡಿವಿಷನ್ 1ರಲ್ಲಿದ್ದರೂ ಅಲ್ಲೂ ಆಟದ ಸ್ಕಾಲರ್‌ಶಿಪ್ ಇಲ್ಲ.

ಡಿವಿಷನ್ 2 ಮತ್ತು ಎನ್‌ಎಐಎಯಲ್ಲಿ ಇದೆ. ಆದರೆ ಹಂಚಿ ಕೊಡುತ್ತಾರೆ. ಡಿವಿಷನ್ 2ರ ಪುರುಷರ ಟೆನಿಸ್ ತಂಡಕ್ಕೆ ಇಡೀ ತಂಡಕ್ಕೆ ಸೇರಿ ನಾಲ್ಕೂವರೆ ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ಮಿತಿ. ಅದನ್ನು ಎಂಟು ಹತ್ತು ಹುಡುಗರಿಗೆ ಹಂಚಿದರೆ ತಲೆಗೆ ಎಷ್ಟು ಬಂತು, ನೀವೇ ಲೆಕ್ಕ ಹಾಕಿ. ಅದೂ ಆ ಕಾಲೇಜು ಮಿತಿಯವರೆಗೆ ದುಡ್ಡು ಹಾಕಿದರೆ. ಎಷ್ಟೋ ಕಾಲೇಜುಗಳು ಹಾಕುವುದಿಲ್ಲ.

ಮತ್ತೆ ದುಡ್ಡು ಎಲ್ಲಿಂದ?

ಇದು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ಕೇಳುವವರು ಮಾತ್ರ ಕೊನೆಗೆ ಕೇಳುತ್ತಾರೆ.

ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಊಟ ವಸತಿ ಸೇರಿ ವರ್ಷದ ಖರ್ಚು 85 ಸಾವಿರ ಡಾಲರ್ ದಾಟಿದೆ. ಅದನ್ನು ಇಳಿಸುವ ದಾರಿ ಎರಡು. ಒಂದು, ಮನೆಯ ಆದಾಯ ನೋಡಿ ಕೊಡುವ ನೆರವು. ಇನ್ನೊಂದು, ಅಂಕ ನೋಡಿ ಕೊಡುವ ಮೆರಿಟ್ ಹಣ. ವಿಲಿಯಮ್ಸ್, ಆಮ್‌ಹರ್ಸ್ಟ್, ಬೌಡನ್ ತರಹದ ಕಾಲೇಜುಗಳು ಮೊದಲನೆಯದನ್ನು ಮಾತ್ರ ಕೊಡುತ್ತವೆ. ಗಂಡ ಹೆಂಡತಿ ಇಬ್ಬರೂ ಐಟಿಯಲ್ಲಿದ್ದರೆ ಅಲ್ಲಿ ನಿಮಗೆ ಒಂದು ಡಾಲರೂ ಸಿಗದೇ ಇರಬಹುದು. ಒಹಾಯೊದ ಡೆನಿಸನ್, ಕೆನ್ಯನ್, ವೂಸ್ಟರ್‌ನಂಥ ಕಡೆ ಮೆರಿಟ್ ಹಣ ಉಂಟು. ಇವೂ ಡಿವಿಷನ್ 3ರವೇ. ಹಾಗಾಗಿ ಹೈಸ್ಕೂಲಿನಲ್ಲಿ ಗಣಿತದ ಗ್ರೇಡು ಸುಧಾರಿಸುವುದಕ್ಕೆ ಕೊಟ್ಟ ಸಮಯ, ಬ್ಯಾಕ್‌ಹ್ಯಾಂಡ್ ಸುಧಾರಿಸುವುದಕ್ಕೆ ಕೊಟ್ಟ ಸಮಯಕ್ಕಿಂತ ಜಾಸ್ತಿ ದುಡ್ಡು ತರಬಹುದು. ಕಹಿ ಅನ್ನಿಸಿದರೂ ನಿಜ.

ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲಿ, ನೆರವು ಕಳೆದು ನಿಮಗೆ ಬೀಳುವ ಖರ್ಚನ್ನು ಅಂದಾಜು ಮಾಡುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರುತ್ತದೆ. ಕಾನೂನಿನ ಪ್ರಕಾರ 2011ರಿಂದ ಇರಲೇಬೇಕು. ಕೋಚ್‌ಗೆ ಇಮೇಲ್ ಕಳಿಸುವ ಮೊದಲು ಅದರಲ್ಲಿ ನಿಮ್ಮ ಅಂಕಿ ಹಾಕಿ ನೋಡಿ. ಹತ್ತನೇ ತರಗತಿಯಲ್ಲೇ ನೋಡಿ. ಬಂದ ಮೊತ್ತ ನಿಮ್ಮಿಂದ ಆಗದು ಅಂದರೆ ಮಗುವಿಗೆ ಆಗಲೇ ಹೇಳಿಬಿಡಿ. ಹನ್ನೆರಡನೇ ತರಗತಿಯ ಅಕ್ಟೋಬರಿನಲ್ಲಿ, ಕೋಚ್ "ಬಾ" ಅಂದ ಮೇಲೆ ಹೇಳಿದರೆ ಮನೆ ರಣರಂಗ ಆಗುತ್ತದೆ.

ಊರಲ್ಲಿರುವ ಸೈಟನ್ನು ನೆರವಿನ ಫಾರ್ಮಿನಲ್ಲಿ ತೋರಿಸಬೇಕಾ?

ತೋರಿಸಬೇಕು. ಫೆಡರಲ್ ಸರ್ಕಾರದ ನೆರವಿಗೆ ತುಂಬುವ ಎಫ್‌ಎಎಫ್‌ಎಸ್‌ಎ ಫಾರ್ಮಿನಲ್ಲಿ ನೀವು ವಾಸ ಮಾಡುವ ಮನೆಯನ್ನು ಕೇಳುವುದಿಲ್ಲ. ಬೇರೆ ಆಸ್ತಿ ಎಲ್ಲಿದ್ದರೂ ಕೇಳುತ್ತಾರೆ. ಮೈಸೂರಿನಲ್ಲಿ ಹೂಡಿಕೆಗೆ ಅಂತ ತೆಗೆದ ಸೈಟೂ ಅದರಲ್ಲಿ ಸೇರುತ್ತದೆ. ಖಾಸಗಿ ಕಾಲೇಜುಗಳು ಕೇಳುವ ಸಿಎಸ್‌ಎಸ್ ಪ್ರೊಫೈಲ್ ಇನ್ನೂ ಆಳಕ್ಕೆ ಇಳಿಯುತ್ತದೆ. ವಾಸದ ಮನೆಯ ಬೆಲೆಯನ್ನೂ ಕೇಳುತ್ತದೆ.

ನಾವು ಎಚ್-1ಬಿಯಲ್ಲಿದ್ದೇವೆ, ಮಗ ಎಚ್-4. ವ್ಯತ್ಯಾಸ ಇದೆಯಾ?

ಆಡುವುದಕ್ಕೆ ಅಡ್ಡಿ ಇಲ್ಲ. ದುಡ್ಡಿಗೆ ಇದೆ. ಫೆಡರಲ್ ನೆರವು ಸಿಗುವುದು ಸಿಟಿಜನ್, ಗ್ರೀನ್ ಕಾರ್ಡ್ ಇರುವವರು ಮತ್ತು ಇನ್ನು ಕೆಲವು ವರ್ಗದವರಿಗೆ. ಎಚ್-4 ಅದರಲ್ಲಿ ಇಲ್ಲ. ಎಷ್ಟೋ ಕಾಲೇಜುಗಳು ತಮ್ಮ ನೆರವಿನ ಲೆಕ್ಕದಲ್ಲೂ ಎಚ್-4 ಮಕ್ಕಳನ್ನು ವಿದೇಶಿ ವಿದ್ಯಾರ್ಥಿಗಳ ಸಾಲಿಗೆ ಸೇರಿಸುತ್ತವೆ. ವಿದೇಶಿಯರು ನೆರವು ಕೇಳಿದರೆ ಅಡ್ಮಿಷನ್ ಕಷ್ಟವಾಗುವ ಕಾಲೇಜುಗಳೇ ಜಾಸ್ತಿ. ನೆರವು ಕೇಳಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ವಿದೇಶಿಯರ ಅರ್ಜಿ ನೋಡುವ ಬೆರಳೆಣಿಕೆಯ ಕಾಲೇಜುಗಳಲ್ಲಿ ಡಿವಿಷನ್ 3ರ ಎಂಐಟಿ, ಆಮ್‌ಹರ್ಸ್ಟ್, ಬೌಡನ್ ಸೇರಿವೆ. ಆದರೆ ಇವುಗಳಿಗೆ ಸೀಟು ಸಿಗುವುದು ಎಷ್ಟು ಕಷ್ಟ ಅನ್ನುವುದು ನಿಮಗೆ ಗೊತ್ತೇ ಇದೆ.

ಮಗನಿಗೆ 21 ತುಂಬಿದರೆ ಎಚ್-4 ಮುಗಿಯುತ್ತದೆ, ಎಫ್-1ಗೆ ಬದಲಾಗಬೇಕು. ಅದು ಕಾಲೇಜಿನ ನಡುವೆಯೇ ಬರುತ್ತದೆ. ವಕೀಲರ ಹತ್ತಿರ ಮೊದಲೇ ಮಾತಾಡಿ.

ಆಟಕ್ಕೆ ಹಣ ಇಲ್ಲ ಅಂದಮೇಲೆ ಕೋಚ್‌ನಿಂದ ಏನು ಪ್ರಯೋಜನ?

ಅಡ್ಮಿಷನ್. ಚಿಕ್ಕ ಕಾಲೇಜಿನ ರಿಕ್ರೂಟಿಂಗ್‌ನಲ್ಲಿ ನಿಜವಾದ ಬೆಲೆ ಇರುವುದು ಇದಕ್ಕೇ.

ಹೀಗೆ ನಡೆಯುತ್ತದೆ. ಕೋಚ್‌ಗೆ ನಿಮ್ಮ ಮಗಳು ಇಷ್ಟವಾದಳು ಅಂದುಕೊಳ್ಳಿ. ಹನ್ನೊಂದನೇ ತರಗತಿ ಮುಗಿದ ಬೇಸಿಗೆಯಲ್ಲಿ, ಸಾಮಾನ್ಯವಾಗಿ ಜುಲೈ ಹೊತ್ತಿಗೆ, ಅವಳ ಮಾರ್ಕ್ಸ್ ಕಾರ್ಡು, ಎಸ್‌ಎಟಿ ಅಂಕ, ಹನ್ನೆರಡನೇ ತರಗತಿಗೆ ಆಯ್ಕೆ ಮಾಡಿದ ವಿಷಯಗಳ ಪಟ್ಟಿ ಕೇಳುತ್ತಾರೆ. ಅದನ್ನು ಅಡ್ಮಿಷನ್ ಆಫೀಸಿಗೆ ಕೊಡುತ್ತಾರೆ. ಇದಕ್ಕೆ ಪ್ರೀ-ರೀಡ್ ಅನ್ನುತ್ತಾರೆ. ಅರ್ಜಿ ಹಾಕುವ ಮೊದಲೇ ಅಡ್ಮಿಷನ್‌ನವರು ನೋಡಿ, "ಇವಳು ನಮ್ಮಲ್ಲಿ ನಡೆಯುತ್ತಾಳೆ", "ಅನುಮಾನ", "ಬೇಡ" ಅಂತ ಕೋಚ್‌ಗೆ ಹೇಳುತ್ತಾರೆ. ಹಸಿರು, ಹಳದಿ, ಕೆಂಪು ಅಂತ ಬಣ್ಣದಲ್ಲಿ ಹೇಳುವ ಕಡೆಗಳೂ ಇವೆ.

ಹಸಿರು ಬಂದರೂ ಕೆಲಸ ಆಗಲಿಲ್ಲ. ಪ್ರತಿ ಕೋಚ್‌ಗೂ ಜೋರಾಗಿ ಬೆಂಬಲಿಸಲು ಇರುವ ಹೆಸರುಗಳು ಕೆಲವೇ. ಆ ಕೆಲವರಲ್ಲಿ ಮಗಳು ಇದ್ದಾಳಾ ಅನ್ನುವುದೇ ಪ್ರಶ್ನೆ. ಇದ್ದರೆ, ತೀರಾ ಕಷ್ಟದ ಕಾಲೇಜಿನಲ್ಲೂ ದಾರಿ ಎಷ್ಟೋ ಸಲೀಸು. ಇಲ್ಲದಿದ್ದರೆ ಅವಳು ಉಳಿದ ಸಾವಿರಾರು ಮಕ್ಕಳ ಜೊತೆ ಸಾಲಿನಲ್ಲಿ ನಿಂತ ಹಾಗೆ.

ಎಲ್ಲ ಕಡೆ ಕೋಚ್ ಮಾತಿನ ತೂಕ ಒಂದೇ ಅಲ್ಲ. ಎಂಐಟಿ, ಕ್ಯಾಲ್‌ಟೆಕ್‌ನಲ್ಲಿ ಅದು ಬಹಳ ಕಡಿಮೆ. ಅಲ್ಲಿ ಕೋಚ್ ಒಳ್ಳೆ ಮಾತು ಹೇಳಬಹುದು, ಅಷ್ಟೇ. ಕ್ಯಾಲ್‌ಟೆಕ್ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ತನ್ನ ಲೀಗಿನಲ್ಲಿ ಸತತ 310 ಪಂದ್ಯ ಸೋತು, 2011ರ ಫೆಬ್ರವರಿಯಲ್ಲಿ ಆಕ್ಸಿಡೆಂಟಲ್ ಕಾಲೇಜಿನ ಮೇಲೆ ಒಂದೇ ಪಾಯಿಂಟಿನಿಂದ ಗೆದ್ದಿತು. ಆಟಕ್ಕೋಸ್ಕರ ಅಡ್ಮಿಷನ್ ಸಡಿಲ ಮಾಡದ ಜಾಗ ಹೇಗಿರುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಕೋಚ್ "ಅರ್ಜಿ ಹಾಕು, ನೀನು ಬಂದರೆ ಖುಷಿ" ಅಂದರು. ಸೀಟು ಆಯ್ತಾ?

ಇಲ್ಲ. ಆ ಮಾತನ್ನು ಅವರು ಐವತ್ತು ಮಕ್ಕಳಿಗೆ ಹೇಳಿರಬಹುದು. ಅದರಲ್ಲಿ ಮೋಸ ಏನಿಲ್ಲ, ಅವರಿಗೂ ತಂಡ ತುಂಬಬೇಕು. ಮಗುವೇ ನೇರವಾಗಿ ಕೇಳಬೇಕಾದ ಪ್ರಶ್ನೆಗಳಿವೆ. ನನ್ನ ಬ್ಯಾಚಿಗೆ ಎಷ್ಟು ಜನ ಬೇಕು? ನಿಮ್ಮ ಪಟ್ಟಿಯಲ್ಲಿ ನಾನು ಎಲ್ಲಿದ್ದೇನೆ? ಅಡ್ಮಿಷನ್ ಆಫೀಸಿನಲ್ಲಿ ನಿಮ್ಮ ಪೂರ್ತಿ ಬೆಂಬಲ ನನಗಿದೆಯಾ? ಕಳೆದ ವರ್ಷ ನೀವು ಹಾಗೆ ಬೆಂಬಲಿಸಿದವರಲ್ಲಿ ಸೀಟು ಸಿಗದವರು ಇದ್ದಾರಾ?

ಹೀಗೆ ಕೇಳುವುದು ಒರಟು ಅಂತ ನಮ್ಮ ಮಕ್ಕಳಿಗೆ ಅನ್ನಿಸುತ್ತದೆ. ದೊಡ್ಡವರನ್ನು ಹಾಗೆಲ್ಲ ಕೇಳಬಾರದು ಅಂತ ನಾವೇ ಕಲಿಸಿದ್ದೇವಲ್ಲ. ಇಲ್ಲಿಯ ಕೋಚ್‌ಗಳಿಗೆ ಇದು ದಿನಾ ಕೇಳುವ ಪ್ರಶ್ನೆ. ನೇರ ಉತ್ತರ ಕೊಡದೆ ಮಾತು ತೇಲಿಸಿದರೆ ಅದೇ ಉತ್ತರ.

ಅರ್ಲಿ ಡಿಸಿಷನ್ ಹಾಕು ಅನ್ನುತ್ತಿದ್ದಾರೆ. ಹಾಕಬಹುದಾ?

ಕೋಚ್ ಬೆಂಬಲ ಅಂದರೆ ಬಹುತೇಕ ಕಡೆ ಅದಕ್ಕೆ ಪ್ರತಿಯಾಗಿ ಅರ್ಲಿ ಡಿಸಿಷನ್ ಕೇಳುತ್ತಾರೆ. ನವೆಂಬರ್ 1 ಅಥವಾ 15ರೊಳಗೆ ಒಂದೇ ಕಾಲೇಜಿಗೆ, ಸೀಟು ಸಿಕ್ಕರೆ ಬಂದೇ ಬರುತ್ತೇನೆ ಅಂತ ಮಾತು ಕೊಟ್ಟು ಅರ್ಜಿ. ಉತ್ತರ ಡಿಸೆಂಬರ್ ಮಧ್ಯದ ಹೊತ್ತಿಗೆ. ತೊಂದರೆ ಏನಂದರೆ, ಬೇರೆ ಕಾಲೇಜು ಎಷ್ಟು ಹಣ ಕೊಡುತ್ತಿತ್ತು ಅಂತ ಹೋಲಿಸಿ ನೋಡುವ ಅವಕಾಶ ಹೋಗುತ್ತದೆ. ನೆರವು ಸಾಲದೇ ಹೋದರೆ ಬಿಡಿಸಿಕೊಳ್ಳಬಹುದು, ನಿಜ. ಆದರೆ ಸಾಲದು ಅನ್ನುವುದು ನಿಮ್ಮ ಆದಾಯದ ಲೆಕ್ಕದಲ್ಲಿ ಸಾಲದೇ ಇರಬೇಕು. ಪಕ್ಕದ ಕಾಲೇಜು ಅಗ್ಗ ಅನ್ನುವ ಕಾರಣ ನಡೆಯುವುದಿಲ್ಲ.

ಅದಕ್ಕೇ ಅರ್ಜಿಗೆ ಮೊದಲೇ ನೆರವಿನ ಅಂದಾಜನ್ನೂ ಕೇಳಿ. ಪ್ರೀ-ರೀಡ್ ಹೊತ್ತಿನಲ್ಲೇ ಅದನ್ನು ಕೊಡುವ ಕಾಲೇಜುಗಳಿವೆ. ಬರವಣಿಗೆಯಲ್ಲಿ ಇಸ್ಕೊಳ್ಳಿ.

ಯಾವಾಗ ಶುರು ಮಾಡಬೇಕು?

ಒಂಬತ್ತನೇ ತರಗತಿಯಲ್ಲಿ ಗ್ರೇಡು ಬಿಟ್ಟು ಬೇರೇನೂ ಬೇಡ. ಹತ್ತರ ಕೊನೆಗೆ ಇಪ್ಪತ್ತೈದು ಮೂವತ್ತು ಕಾಲೇಜುಗಳ ಪಟ್ಟಿ ಮಾಡಿ, ಅವುಗಳ ಕ್ರೀಡಾ ವೆಬ್‌ಸೈಟಿನಲ್ಲಿರುವ ರಿಕ್ರೂಟ್ ಫಾರ್ಮು ತುಂಬಿ. ಹನ್ನೊಂದರಲ್ಲಿ ಇಮೇಲ್, ಫೋನು, ಭೇಟಿ. ಆಮೇಲಿನ ಬೇಸಿಗೆ ಪ್ರೀ-ರೀಡಿಗೆ.

ಡಿವಿಷನ್ 3ರ ಕೋಚ್‌ಗಳು ಯಾವಾಗ ಬೇಕಾದರೂ ಇಮೇಲ್, ಫೋನು ಮಾಡಬಹುದು. ಕಾಲೇಜಿನ ಖರ್ಚಿನಲ್ಲಿ ಹೋಗುವ ಅಧಿಕೃತ ಭೇಟಿ ಮಾತ್ರ ಹನ್ನೊಂದನೇ ತರಗತಿಯ ಜನವರಿ 1ರ ನಂತರ. ಸ್ವಂತ ಖರ್ಚಿನಲ್ಲಿ ಎಷ್ಟು ಸಲ ಬೇಕಾದರೂ ಹೋಗಿ ನೋಡಬಹುದು. ಹನ್ನೆರಡರ ಸೆಪ್ಟೆಂಬರ್‌ನಲ್ಲಿ ಎದ್ದವರಿಗೂ ಅವಕಾಶ ಪೂರ್ತಿ ಮುಚ್ಚಿರುವುದಿಲ್ಲ. ಅರ್ಲಿ ಡಿಸಿಷನ್‌ನ ಎರಡನೇ ಸುತ್ತು ಜನವರಿಯ ಸುಮಾರಿಗೆ ಇರುತ್ತದೆ.

ಹುಡುಗನಿಗೆ ಸಂಕೋಚ. ಇಮೇಲ್ ನಾನೇ ಬರೆದು ಕಳಿಸಲಾ?

ಬೇಡ. ಅಪ್ಪ ಬರೆದ ಇಮೇಲನ್ನು ಕೋಚ್ ಎರಡನೇ ಸಾಲಿನಲ್ಲೇ ಕಂಡುಹಿಡಿಯುತ್ತಾರೆ. ಹದಿನೇಳು ವರ್ಷದ ಹುಡುಗ "ತಮ್ಮ ಘನ ಸಂಸ್ಥೆ" ಅಂತ ಬರೆಯುವುದಿಲ್ಲ. ನೀವು ಕಾಗುಣಿತ ನೋಡಿ, ಪಟ್ಟಿ ಮಾಡಲು ನೆರವಾಗಿ, ಕಾರು ಓಡಿಸಿ. ಉಳಿದದ್ದು ಅವನದು.

ಸಬ್ಜೆಕ್ಟ್ ಸಾಲಿನಲ್ಲೇ ಹೆಸರು, ಹೈಸ್ಕೂಲು ಮುಗಿಯುವ ವರ್ಷ, ಆಟ, ಮುಖ್ಯ ಅಂಕಿ ಇರಲಿ. ಟೆನಿಸ್ ಆದರೆ ಯುಟಿಆರ್ ಅನ್ನುವ ರೇಟಿಂಗ್, ಈಜು ಅಥವಾ ಓಟ ಆದರೆ ಒಳ್ಳೆಯ ಟೈಮು. ಒಳಗೆ ಐದಾರು ಸಾಲು: ಗ್ರೇಡು, ಈ ಕಾಲೇಜೇ ಯಾಕೆ, ಮುಂದಿನ ಟೂರ್ನಮೆಂಟ್ ಎಲ್ಲಿ. "ಸರ್" ಬೇಡ. "ಕೋಚ್" ಅಂತ ಹಾಕಿ ಮನೆತನದ ಹೆಸರು ಸೇರಿಸುವುದು ಇಲ್ಲಿಯ ವಾಡಿಕೆ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಇನ್ನೊಂದು ಇಮೇಲ್. ಅದಕ್ಕೂ ಬರದಿದ್ದರೆ ಹೊಸ ಟೈಮು ಬಂದಾಗ ಮತ್ತೊಂದು. ಬೇಜಾರು ಮಾಡಿಕೊಳ್ಳಬಾರದು.

ವಿಡಿಯೊ ಬೇಕಾ?

ಓಟ, ಈಜಿಗೆ ಬೇಡ, ಗಡಿಯಾರವೇ ಹೇಳುತ್ತದೆ. ಟೆನಿಸ್, ಸಾಕರ್, ವಾಲಿಬಾಲ್‌ಗೆ ಬೇಕು. ನಾಲ್ಕೈದು ನಿಮಿಷ ಸಾಕು. ಹಿನ್ನೆಲೆ ಹಾಡು, ನಿಧಾನಗತಿ ಯಾವುದೂ ಬೇಡ. ಟೆನಿಸ್‌ನಲ್ಲಿ ಕತ್ತರಿಸದ ಒಂದು ಗೇಮ್ ಕೂಡ ಇರಲಿ. ಪಾಯಿಂಟ್ ಸೋತ ಮೇಲೆ ಹುಡುಗ ಏನು ಮಾಡುತ್ತಾನೆ ಅನ್ನುವುದನ್ನು ಕೋಚ್‌ಗಳು ನೋಡುತ್ತಾರೆ. ಬೇಲಿಯ ಹೊರಗೆ ನಿಂತು ಕೂಗುವ ಅಪ್ಪನನ್ನೂ ನೋಡುತ್ತಾರೆ.

ಡಿವಿಷನ್ 3 ಅಂದರೆ ನಮ್ಮ ಮಗು ಸುಲಭವಾಗಿ ತಂಡ ಸೇರಬಹುದು, ಅಲ್ವಾ?

ಕೆನ್ಯನ್ ಅನ್ನುವುದು ಒಹಾಯೊದ ಗ್ಯಾಂಬಿಯರ್ ಅನ್ನುವ ಪುಟ್ಟ ಹಳ್ಳಿಯಲ್ಲಿರುವ ಕಾಲೇಜು. ಅದರ ಪುರುಷರ ಈಜು ತಂಡ 1980ರಿಂದ 2010ರವರೆಗೆ ಸತತ 31 ವರ್ಷ ಡಿವಿಷನ್ 3ರ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 2011ರಲ್ಲಿ ಅದೇ ರಾಜ್ಯದ ಡೆನಿಸನ್ ಒಂದು ಪಾಯಿಂಟಿನಿಂದ ಆ ಸಾಲು ಮುರಿಯಿತು. ಇಂಥ ತಂಡಗಳಿಗೆ ಸೇರಲು ಹೈಸ್ಕೂಲಿನಲ್ಲಿ ಒಂದನೇ ನಂಬರ್ ಆದರೆ ಸಾಲದು. ಇನ್ನೊಂದು ತುದಿಯಲ್ಲಿ, ಆಡುವವರು ಸಾಲದೆ ಕ್ಯಾಂಪಸ್ಸಿನಲ್ಲಿ ಪೋಸ್ಟರ್ ಅಂಟಿಸುವ ತಂಡಗಳೂ ಇವೆ. ಎರಡಕ್ಕೂ ಹೆಸರು ಡಿವಿಷನ್ 3.

ಈಚೆಗೆ ಮೇಲಿನಿಂದಲೂ ಒತ್ತಡ ಬಂದಿದೆ. ಕಾಲೇಜು ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ಹೌಸ್ ಮೊಕದ್ದಮೆಯ ರಾಜಿಯನ್ನು 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ನಂತರ, ಅದಕ್ಕೆ ಸೇರಿದ ಡಿವಿಷನ್ 1ರ ಕಾಲೇಜುಗಳಲ್ಲಿ ತಂಡದ ಗಾತ್ರಕ್ಕೇ ಮಿತಿ ಬಂತು. ಜೊತೆಗೆ ಅಲ್ಲಿಯ ಕೋಚ್‌ಗಳಿಗೆ ಹೈಸ್ಕೂಲು ಮಕ್ಕಳಿಗಿಂತ ಬೇರೆ ಕಾಲೇಜಿನಿಂದ ವರ್ಗ ಆಗಿ ಬರುವ ಪಳಗಿದ ಆಟಗಾರರು ಇಷ್ಟ. ಅಲ್ಲಿ ಜಾಗ ಸಿಗದವರು ಕೆಳಗೆ ಇಳಿಯುತ್ತಾರೆ.

ನಿಮ್ಮ ಮಗು ಎಲ್ಲಿ ನಿಲ್ಲುತ್ತದೆ ಅಂತ ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ತಂಡದವರ ಹೆಸರು ಕಾಲೇಜಿನ ಸೈಟಿನಲ್ಲಿರುತ್ತದೆ. ಅವರ ಯುಟಿಆರ್ ಅಥವಾ ಟೈಮು ಹುಡುಕಿ, ಪಕ್ಕದಲ್ಲಿ ಮಗುವಿನದು ಬರೆದು ನೋಡಿ. ಈಜಿನ ಟೈಮಿಗೆ ಸ್ವಿಮ್‌ಕ್ಲೌಡ್, ಓಟದ್ದಕ್ಕೆ ಟಿಎಫ್‌ಆರ್‌ಆರ್‌ಎಸ್ ಸೈಟುಗಳಿವೆ. ಮೊದಲ ವರ್ಷದವರು ಎಷ್ಟು ಜನ, ಕೊನೇ ವರ್ಷದವರು ಎಷ್ಟು ಜನ ಅಂತಲೂ ಎಣಿಸಿ. ಹನ್ನೆರಡು ಜನ ಸೇರಿ ಮೂರೇ ಜನ ಉಳಿದಿದ್ದರೆ ಯಾಕೆ ಅಂತ ಕೇಳಿ.

ಕ್ರಿಕೆಟ್, ಬ್ಯಾಡ್ಮಿಂಟನ್ ಆಡುತ್ತಾನೆ. ಉಪಯೋಗ ಇದೆಯಾ?

ಎರಡೂ ಎನ್‌ಸಿಎಎ ಆಟ ಅಲ್ಲ. ಬೇರೆ ಹವ್ಯಾಸಗಳ ಹಾಗೆ ಅರ್ಜಿಯಲ್ಲಿ ಬರೆಯಬಹುದು, ರಿಕ್ರೂಟಿಂಗ್ ಇರುವುದಿಲ್ಲ. ಒಂದು ವಿಶೇಷ ಇದೆ: ಫಿಲಡೆಲ್ಫಿಯಾ ಪಕ್ಕದ ಹ್ಯಾವರ್‌ಫರ್ಡ್ ಕಾಲೇಜಿನಲ್ಲಿ ಹತ್ತೊಂಬತ್ತನೇ ಶತಮಾನದಿಂದ ಕ್ರಿಕೆಟ್ ಇದೆ. ಅಮೆರಿಕದಲ್ಲಿ ಕಾಲೇಜಿನ ಅಧಿಕೃತ ವಾರ್ಸಿಟಿ ಕ್ರಿಕೆಟ್ ತಂಡ ಇರುವುದು ಅಲ್ಲಿ ಮಾತ್ರ. ಆದರೆ ಅದು ಓದಿನಲ್ಲಿ ಬಹಳ ಬಿಗಿಯಾದ ಕಾಲೇಜು. ಕವರ್ ಡ್ರೈವ್ ನೋಡಿ ಸೀಟು ಕೊಡುವುದಿಲ್ಲ.

ಸ್ಕ್ವಾಷ್‌ಗೆ ಎನ್‌ಸಿಎಎ ಬದಲು ಬೇರೆ ಸಂಘ ಇದೆ. ಅಲ್ಲಿ ಚಿಕ್ಕ ಕಾಲೇಜುಗಳದ್ದು ದೊಡ್ಡ ಹೆಸರು. ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜಿನ ಪುರುಷರ ತಂಡ 1998ರಿಂದ 2012ರವರೆಗೆ ಸತತ 252 ಪಂದ್ಯ ಗೆದ್ದಿತ್ತು. ಹೊರದೇಶಗಳಿಂದ ಹುಡುಗರನ್ನು ಹುಡುಕಿ ತರುವುದರಲ್ಲೂ ಆ ತಂಡದ್ದು ಎತ್ತಿದ ಕೈ. ರೋಯಿಂಗ್ ಇನ್ನೊಂದು ದಾರಿ. ದೋಣಿಯ ಹುಟ್ಟು ಹಿಡಿದೇ ಗೊತ್ತಿಲ್ಲದ ಮಕ್ಕಳನ್ನೂ ಮೊದಲ ವರ್ಷ ಸೇರಿಸಿಕೊಂಡು ಕಲಿಸುವ ತಂಡಗಳಿವೆ.

ದುಡ್ಡು ತೆಗೆದುಕೊಂಡು ರಿಕ್ರೂಟಿಂಗ್ ಮಾಡಿಸುವ ಕಂಪನಿಗಳು?

ಚಿಕ್ಕ ಕಾಲೇಜುಗಳ ಮಟ್ಟಿಗೆ ನನ್ನ ಅಭಿಪ್ರಾಯ: ಬೇಡ. ಅವರು ಮಾಡುವುದು ಪಟ್ಟಿ ಮತ್ತು ಇಮೇಲ್. ಎರಡನ್ನೂ ಮಗು ಮಾಡಬಹುದು. ಕಾಲೇಜುಗಳ ಬೇಸಿಗೆ ಕ್ಯಾಂಪುಗಳ ವಿಷಯದಲ್ಲೂ ಹುಷಾರು. "ನಿನ್ನನ್ನು ಆಹ್ವಾನಿಸುತ್ತಿದ್ದೇವೆ" ಅಂತ ಬರುವ ಇಮೇಲ್ ನೂರಾರು ಮಕ್ಕಳಿಗೆ ಹೋಗಿರುತ್ತದೆ. ನನ್ನ ವಿಡಿಯೊ ನೋಡಿದ್ದೀರಾ ಅಂತ ಕೇಳಿ, ಹೌದು ಅಂದರೆ ಮಾತ್ರ ದುಡ್ಡು ಕಟ್ಟಿ. ಇನ್ನು ಆಡದ ಆಟ ಆಡುತ್ತೇನೆ ಅಂತ ತೋರಿಸುವ ದಾರಿ ಹೇಳುವವರು ಸಿಕ್ಕರೆ ಎದ್ದು ಬನ್ನಿ. 2019ರ ವಾರ್ಸಿಟಿ ಬ್ಲೂಸ್ ಅನ್ನುವ ಅಡ್ಮಿಷನ್ ಲಂಚದ ಪ್ರಕರಣದಲ್ಲಿ ಅಪ್ಪ ಅಮ್ಮಂದಿರೇ ಜೈಲಿಗೆ ಹೋದರು.

ಇಂಜಿನಿಯರಿಂಗ್ ಅಥವಾ ಮೆಡಿಕಲ್ ಕಡೆ ಹೋಗುವವರು ಆಡಿಕೊಂಡು ಓದಬಹುದಾ?

ಆಗುತ್ತದೆ. ಕಷ್ಟ ಬರುವುದು ಮಧ್ಯಾಹ್ನದ ಲ್ಯಾಬಿನಲ್ಲಿ. ಲ್ಯಾಬ್ ಇದ್ದ ದಿನ ಅಭ್ಯಾಸಕ್ಕೆ ತಡವಾಗಿ ಬರಬಹುದಾ ಅಂತ ಕೋಚನ್ನು ಕೇಳುವುದಕ್ಕಿಂತ ತಂಡದಲ್ಲಿರುವ ಕೆಮಿಸ್ಟ್ರಿ ವಿದ್ಯಾರ್ಥಿಯನ್ನು ಕೇಳಿ. ಇನ್ನೊಂದು ವಿಷಯ: ಎಷ್ಟೋ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ಇಂಜಿನಿಯರಿಂಗ್ ಇರುವುದೇ ಇಲ್ಲ. ಡಿವಿಷನ್ 3ರ ಸ್ವಾರ್ಥ್‌ಮೋರ್, ಹಾರ್ವಿ ಮಡ್, ರೋಸ್-ಹಲ್ಮನ್, ಡಬ್ಲ್ಯುಪಿಐ, ಕೇಸ್ ವೆಸ್ಟರ್ನ್‌ಗಳಲ್ಲಿ ಇದೆ.

ಭೇಟಿಗೆ ಹೋದಾಗ ಏನು ನೋಡಬೇಕು?

ಮೊಣಕಾಲು ಪೆಟ್ಟಾಗಿ ಎರಡನೇ ವರ್ಷವೇ ಆಟ ನಿಂತರೂ ಮಗು ಇಲ್ಲಿ ಖುಷಿಯಾಗಿ ಓದುತ್ತದಾ? ಇದೊಂದನ್ನು ನೋಡಿ. ರಾತ್ರಿ ತಂಡದವರ ಜೊತೆ ಉಳಿಯುವ ಅವಕಾಶ ಕೊಟ್ಟರೆ ನೀವು ಹೋಟೆಲಿನಲ್ಲಿರಿ. ಬೆಳಿಗ್ಗೆ ಮಗು ಹೇಳುವುದನ್ನು ಕೇಳಿ. ಸಸ್ಯಾಹಾರಿಗಳಾದರೆ ಮೆಸ್ಸಿನ ಊಟ ನೀವೇ ಒಮ್ಮೆ ಉಂಡು ನೋಡಿ. ಊರಿನಿಂದ ದೂರದ ಕ್ಯಾಂಪಸ್ಸುಗಳಲ್ಲಿ ಸಲಾಡ್ ಮತ್ತು ಪಾಸ್ತಾ ಮೇಲೆ ನಾಲ್ಕು ವರ್ಷ ಕಳೆಯುವುದು ಸುಲಭವಲ್ಲ, ಅದರಲ್ಲೂ ದಿನಾ ನಾಲ್ಕು ಸಾವಿರ ಮೀಟರ್ ಈಜುವ ಹೊಟ್ಟೆಗೆ.

ಅಕ್ಕನ ಮಗಳು ಬೆಂಗಳೂರಿನಲ್ಲಿ ಈಜುತ್ತಾಳೆ. ಅವಳೂ ಪ್ರಯತ್ನಿಸಬಹುದಾ?

ಖಂಡಿತ. ಭಾರತದ ದೊಡ್ಡ ಸ್ಪರ್ಧೆಗಳು 50 ಮೀಟರ್ ಕೊಳದಲ್ಲಿ, ಅಮೆರಿಕದ ಕಾಲೇಜು ಸ್ಪರ್ಧೆಗಳು 25 ಗಜದ ಕೊಳದಲ್ಲಿ ನಡೆಯುತ್ತವೆ. ಟೈಮು ಬರೆಯುವಾಗ ಯಾವ ಕೊಳದ್ದು ಅಂತ ಬರೆಯಲೇಬೇಕು. ಬದಲಾಯಿಸಿ ನೋಡುವ ಲೆಕ್ಕ ಕೋಚ್‌ಗಳಿಗೆ ಗೊತ್ತು. ವಿದೇಶದಿಂದ ಡಿವಿಷನ್ 3ಕ್ಕೆ ಬರುವವರೂ 2023ರಿಂದ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರಿನಿಂದ ಹವ್ಯಾಸಿ ಆಟಗಾರರು ಅನ್ನುವ ದೃಢೀಕರಣ ಪಡೆಯಬೇಕು. ಪಿಯುಸಿ ಮುಗಿಸಿ ಒಂದು ವರ್ಷ ಬರೀ ಸ್ಪರ್ಧೆಗೆ ಅಂತ ನಿಂತರೆ ಆಡುವ ಅವಕಾಶದಲ್ಲಿ ಒಂದು ವರ್ಷ ಕಡಿತ ಆಗಬಹುದು. ನಿಲ್ಲುವ ಮೊದಲೇ ಕಾಲೇಜನ್ನು ಕೇಳಲಿ.

ಯಾವ ಕೋಚೂ ಹೂಂ ಅನ್ನಲಿಲ್ಲ. ಮುಂದೇನು?

ಮಾಮೂಲಿ ಅರ್ಜಿ ಹಾಕಿ. ಸೀಟು ಸಿಕ್ಕ ಮೇಲೆ, ಮೇ ತಿಂಗಳಲ್ಲಿ, ಆ ಕಾಲೇಜಿನ ಕೋಚ್‌ಗೆ ಮಗು ಬರೆಯಲಿ: ನಾನು ಬರುತ್ತಿದ್ದೇನೆ, ಟ್ರೈಔಟ್ ಇದೆಯಾ? ಕ್ರಾಸ್ ಕಂಟ್ರಿ, ಟ್ರ್ಯಾಕ್, ರೋಯಿಂಗ್‌ನಲ್ಲಿ ಹೀಗೆ ಸೇರಿದವರು ಬಹಳ ಜನ. ಟೆನಿಸ್‌ನಲ್ಲಿ ಕಡಿಮೆ. ಅದೂ ಆಗದಿದ್ದರೆ ಕ್ಲಬ್ ತಂಡ ಇದೆ. ಬ್ಯಾಡ್ಮಿಂಟನ್, ಕ್ರಿಕೆಟ್ ಆಡುವವರಿಗೆ ಹೇಗೂ ಅದೇ ಗತಿ. ಸೆಮಿಸ್ಟರ್ ಶುರುವಾದ ವಾರ ಕ್ಲಬ್ಬುಗಳ ಮೇಳ ನಡೆಯುತ್ತದೆ, ಅಲ್ಲಿ ಹೆಸರು ಕೊಟ್ಟರೆ ಆಯಿತು.